ಮದಕ್ಕೆ ಕನ್ನಡಿ ಬೇಕೇ?

ಕೊಡಗಿನ ದುಬಾರೆಯಲ್ಲಿ ದೋಣಿ ಹತ್ತಿ ಕಾವೇರಿ ದಾಟಿದೆವು. ಆಚೆಯ ಆನೆ ಶಿಬಿರದಲ್ಲಿ ಒಂದು ಗಂಡಾನೆಯನ್ನು ಮಾತ್ರ ದೂರದಲ್ಲಿ ಸರಪಳಿ ಹಾಕಿ ಕಟ್ಟಿದ್ದರು. "ಮದ ಬಂದದೆ ಸಾರ್, ಹತ್ರ ಹೋಗ್ಬೇಡಿ" ಎಂದ ಮಾವುತ. ಜೊತೆಗಿದ್ದ ಅಕ್ಕನ ಮಗಳಿಗೆ ಪಿಯುಸಿ ಇಂಗ್ಲಿಷ್ ಪಾಠ ನೆನಪಾಯಿತು. "ಮಾವ, ವ್ಯಾನಿಟಿಗೂ ಆರೊಗೆನ್ಸಿಗೂ ಏನು ವ್ಯತ್ಯಾಸ? ನಿಘಂಟಲ್ಲಿ ಎರಡಕ್ಕೂ ಗರ್ವ ಅಂತಾನೇ ಇದೆ."

ಎರಡರ ಬೇರೂ ಲ್ಯಾಟಿನ್. ವ್ಯಾನಿಟಿಯ ಮೂಲ 'ವಾನುಸ್', ಅಂದರೆ ಪೊಳ್ಳು. ನಮ್ಮ ಒಣಜಂಬದ 'ಒಣ' ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಆರೊಗೆನ್ಸಿನ ಮೂಲ 'ಆರೊಗಾರೆ': ಇದು ನನಗೇ ಸಲ್ಲಬೇಕು ಎಂದು ಹಕ್ಕು ಹೂಡುವುದು. ಕೊಡವರ ಮದುವೆಯಲ್ಲಿ ಕುಪ್ಯದ ನಿಲುವಂಗಿ ತೊಟ್ಟು, ಚೇಲೆಗೆ, ಅಂದರೆ ನಡುಪಟ್ಟಿಗೆ, ಸಿಕ್ಕಿಸಿದ ಪೀಚೆಕತ್ತಿ ಎಲ್ಲರಿಗೂ ಕಾಣುವಂತೆ ಗಳಿಗೆಗೊಮ್ಮೆ ಸರಿಮಾಡಿಕೊಳ್ಳುವವನದು ವ್ಯಾನಿಟಿ. ಯಾರೂ ನೋಡದಿದ್ದರೆ ಪಾಪ, ಅವನ ಮುಖ ಬಾಡುತ್ತದೆ. ಹಿರಿಯರನ್ನು ಎಬ್ಬಿಸಿ ಮುಂದಿನ ಕುರ್ಚಿ ಹಿಡಿಯುವವನದು ಆರೊಗೆನ್ಸ್. ಯಾರು ಏನೆಂದುಕೊಂಡರೂ ಅವನಿಗೆ ಲೆಕ್ಕವಿಲ್ಲ. ಇನ್ನು ಗರ್ವಿಷ್ಠನಿಗೆ ಇಂಗ್ಲಿಷಿನಲ್ಲಿರುವ 'ಹಾಟಿ' (haughty) ಎಂಬ ಪದದ ಬುಡದಲ್ಲಿರುವುದು ಎತ್ತರ. ಕಣ್ಣು ನೆತ್ತಿಗೇರಿದೆ ಅನ್ನುತ್ತೇವಲ್ಲ, ಅದು.

ಕನ್ನಡ ಇದನ್ನೆಲ್ಲ ಮೈಯಲ್ಲೇ ಹುಡುಕುತ್ತದೆ: ಕೊಬ್ಬು, ಸೊಕ್ಕು, ಮದ. ಸೊಕ್ಕು ಅಂದರೆ ಅಮಲು. ಇಂಗ್ಲಿಷರು ಆನೆಯ ಮದಕ್ಕೆ ಬಳಸುವ 'ಮಸ್ತ್' ಪರ್ಷಿಯನ್ ಮೂಲದ್ದು, ಅರ್ಥ ಅದೇ ಅಮಲೇರಿದ್ದು. ಆ ದಿನಗಳಲ್ಲಿ ಗಂಡಾನೆಯ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನು ಹಲವು ಪಟ್ಟು ಏರುತ್ತದೆ. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ದ್ರವ ಕೆನ್ನೆಗಿಳಿಯುತ್ತದೆ. ಮದ ಬಂದ ಚಿಕ್ಕ ಗಾತ್ರದ ಆನೆಗೂ ಮದವಿಲ್ಲದ ದೊಡ್ಡ ಆನೆ ದಾರಿ ಬಿಡುವುದುಂಟು. ಮೈ ತುಂಬಿಕೊಂಡ ಆನೆಯಲ್ಲಿ ಮದ ಹೆಚ್ಚು ಕಾಲ ನಿಲ್ಲುತ್ತದೆ, ಸೊರಗಿದರೆ ಇಳಿಯುತ್ತದೆ. 'ಕೊಬ್ಬು ಇಳಿಸ್ತೀನಿ' ಎಂಬ ನಮ್ಮ ಬೈಗುಳದಲ್ಲಿ ಇಷ್ಟೊಂದು ಶರೀರಶಾಸ್ತ್ರ ಇದೆ ಎಂದು ನಾನಂತೂ ಎಣಿಸಿರಲಿಲ್ಲ.

ಹಾಗೆ ನೋಡಿದರೆ ಮದ ಆರೊಗೆನ್ಸಿನ ನೆಂಟ. ಆದರೆ ಆನೆಯದು ಹಾರ್ಮೋನಿನ ಕೆಲಸ, ಗುಣದೋಷವಲ್ಲ.

"ಹಾಗಾದ್ರೆ ಆನೆಗೆ ವ್ಯಾನಿಟಿ ಇಲ್ವಾ?"

2006ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಕತೆ ಹೇಳಿದೆ. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಮೂರು ಏಷ್ಯಾ ಆನೆಗಳ ಮುಂದೆ ಆಳೆತ್ತರ ಮೀರಿದ ಕನ್ನಡಿ ನಿಲ್ಲಿಸಿದರು. ಹ್ಯಾಪಿ ಎಂಬ ಹೆಣ್ಣಾನೆ, ಕನ್ನಡಿಯಿಲ್ಲದೆ ತನಗೆ ಕಾಣದಂತೆ ಹಣೆಗೆ ಬಳಿದಿದ್ದ ಬಿಳಿ ಗುರುತನ್ನು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿ ನೋಡಿತು. ತನ್ನನ್ನು ತಾನು ಗುರುತಿಸಿತ್ತು. ಚೆಂದ ಕಂಡೆನೆಂದು ಹಿಗ್ಗಿತೇ ಎಂಬುದನ್ನು ಆ ಪ್ರಯೋಗ ಕೇಳಿರಲಿಲ್ಲ.

ಅಷ್ಟರಲ್ಲಿ ಹೊಳೆಯಲ್ಲಿ ಮಿಂದು ಬಂದ ಇನ್ನೊಂದು ಆನೆ, ಮಾವುತ ತಿಕ್ಕಿ ತೊಳೆದ ಬೆನ್ನಿಗೆ ಸೊಂಡಿಲು ತುಂಬ ಮಣ್ಣು ಎರಚಿಕೊಂಡಿತು.