ಗಡಿ ಕಾವಲು ನೆರವು ಅಂದರೆ ಏನು?

ಭಾರತ ಮಾಲ್ಡೀವ್ಸ್‌ಗೆ ಗಸ್ತು ಹಡಗು ಕೊಟ್ಟಿತು, ಬ್ರಿಟನ್ ಲೆಬನಾನ್ ಗಡಿಯಲ್ಲಿ ಕಾವಲು ಗೋಪುರ ಕಟ್ಟಿಸಿತು ಅನ್ನೋ ಥರದ ಸುದ್ದಿ ಆಗಾಗ ಓದುತ್ತೇವೆ. ಸಣ್ಣ ದೇಶವೊಂದು ತನ್ನ ಗಡಿಯನ್ನು ತಾನೇ ಕಾಯಲು ಹೊರಗಿನವರು ಕೊಡುವ ಇಂಥ ಸಹಾಯವೇ ಗಡಿ ಕಾವಲು ನೆರವು. ಹಡಗು, ಜೀಪು, ರಾಡಾರ್, ಸ್ಕ್ಯಾನರ್, ಚೆಕ್‌ಪೋಸ್ಟ್ ಕಟ್ಟಡ, ಸಿಬ್ಬಂದಿಗೆ ತರಬೇತಿ, ಕೆಲವೊಮ್ಮೆ ಡೀಸೆಲ್ ಖರ್ಚು ಕೂಡ ಇದರಲ್ಲಿ ಸೇರುತ್ತದೆ. ತಡೆಯುವ, ಹಿಡಿಯುವ ಅಧಿಕಾರ ಮಾತ್ರ ಆ ದೇಶದ ಪೊಲೀಸರು, ಸೈನಿಕರ ಕೈಯಲ್ಲೇ ಇರಬೇಕು. ಅದೂ ಹೊರಗಿನವರ ಪಾಲಾದರೆ ಅದನ್ನು ನೆರವು ಅನ್ನೋಕಾಗಲ್ಲ.

ಇದು ಯಾಕೆ ಬೇಕು? ಹಿಂದೂ ಮಹಾಸಾಗರದ ದ್ವೀಪ ದೇಶ ಸೇಶೆಲ್ಸ್ ನೋಡಿ. ಅಲ್ಲಿನ ಜನಸಂಖ್ಯೆ ಸುಮಾರು 1 ಲಕ್ಷ, ಅಂದರೆ ಶಿವಮೊಗ್ಗ ನಗರದ ಮೂರನೇ ಒಂದು ಭಾಗವೂ ಇಲ್ಲ. ಆದರೆ ಅವರು ಕಾಯಬೇಕಾದ ಸಮುದ್ರ 13 ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ, ಏಳು ಕರ್ನಾಟಕದಷ್ಟು! ಅಕ್ರಮ ಮೀನುಗಾರಿಕೆ, ಡ್ರಗ್ಸ್ ಸಾಗಣೆ, ಸೊಮಾಲಿಯಾ ಕಡೆಯ ಕಡಲ್ಗಳ್ಳರು, ಎಲ್ಲವನ್ನೂ ಅಷ್ಟೇ ಜನ ನೋಡಿಕೊಳ್ಳಬೇಕು. ಹಾಗಾಗಿ ಭಾರತ ಅವರಿಗೆ ಗಸ್ತು ಹಡಗು, ಡಾರ್ನಿಯರ್ ವಿಮಾನ, ಕರಾವಳಿ ರಾಡಾರ್ ಎಲ್ಲ ಕೊಟ್ಟಿದೆ.

ಕೊಡುವವರಿಗೆ ಇದರಿಂದ ಏನು ಲಾಭ ಅನ್ನೋದು ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ, ಯಾಕಂದ್ರೆ ನಮ್ಮ ಅಡಿಕೆ ರೇಟು ಎಲ್ಲೋ ದೂರದ ಗಡಿಯ ಮೇಲೆ ನಿಂತಿದೆ. 2023ರಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಅಗ್ಗದ ಅಡಿಕೆ ಹೊರಗಿಂದ ತರಿಸುವಂತಿಲ್ಲ) ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆದರೆ ಮ್ಯಾನ್ಮಾರ್‌ನಿಂದ ಮಿಜೋರಾಂ, ಅಸ್ಸಾಂ ದಾರಿಯಲ್ಲಿ ಕದ್ದು ಬರುವ ಅಡಿಕೆಗೆ ಯಾವ ಬೆಲೆ, ಯಾವ ಸುಂಕ? ಬೇರೆ ದೇಶದ ಅಡಿಕೆ ನೇಪಾಳಕ್ಕೆ ಬಂದು ಅಲ್ಲಿಂದ ಒಳಗೆ ನುಸುಳುವುದೂ ಇದೆ. ಆ ಮಾಲು ಮಾರುಕಟ್ಟೆಗೆ ಬಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ರಾಶಿ ಇಡಿ ಅಡಿಕೆ ಹಿಡಿದುಕೊಂಡು ಕೂತ ಬೆಳೆಗಾರನಿಗೇ ಪೆಟ್ಟು. ನೇಪಾಳದ ಬೀರಗಂಜ್‌ನಲ್ಲಿ 2018ರಲ್ಲಿ, ವಿರಾಟನಗರದಲ್ಲಿ 2020ರಲ್ಲಿ ಶುರುವಾದ ದೊಡ್ಡ ಚೆಕ್‌ಪೋಸ್ಟ್‌ಗಳನ್ನು ಭಾರತವೇ ದುಡ್ಡು ಹಾಕಿ ಕಟ್ಟಿಸಿಕೊಟ್ಟಿದೆ. ಲಾರಿಗಳ ತಪಾಸಣೆ, ಕಸ್ಟಮ್ಸ್ ಕಾಗದಪತ್ರ ಎಲ್ಲ ಒಂದೇ ಕಡೆ ಆಗಲಿ ಅಂತ. ಅವರ ಕಡೆ ತಪಾಸಣೆ ಸರಿಯಾದರೆ ನಮಗೂ ಒಳ್ಳೆಯದಲ್ವಾ? ಆದರೆ ಭಾರತ-ನೇಪಾಳ ಗಡಿ 1,700 ಕಿಲೋಮೀಟರಿಗೂ ಉದ್ದ, ಬೇಲಿ ಇಲ್ಲ, ಜನ ವೀಸಾ ಇಲ್ಲದೆ ಓಡಾಡುತ್ತಾರೆ. ಹೆದ್ದಾರಿಯಲ್ಲಿ ಗೇಟು ಹಾಕಿದ ಮಾತ್ರಕ್ಕೆ ಗದ್ದೆ ಬದುವಿನ ಮೇಲೆ ಸೈಕಲ್‌ನಲ್ಲಿ ಹೋಗುವ ಮೂಟೆ ನಿಲ್ಲುವುದಿಲ್ಲ.

ಈ ನೆರವಿನ ಕಷ್ಟದ ಮುಖ ಕಾಣಬೇಕಂದ್ರೆ ಮಾಲ್ಡೀವ್ಸ್ ನೋಡಬೇಕು. ಭಾರತ ಅವರಿಗೆ ಎರಡು ಧ್ರುವ್ ಹೆಲಿಕಾಪ್ಟರ್ (ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗುವಂಥವು), ಒಂದು ಡಾರ್ನಿಯರ್ ವಿಮಾನ ಕೊಟ್ಟಿತು. ಅವು ಸಮುದ್ರ ಕಾಯುವುದರ ಜೊತೆಗೆ ದೂರದ ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೂ ಸಾಗಿಸುತ್ತಿದ್ದವು. ಅವನ್ನು ಹಾರಿಸಲು, ರಿಪೇರಿ ಮಾಡಲು ಭಾರತದ ಸೈನಿಕರು ಅಲ್ಲೇ ಇದ್ದರು, ನೂರು ಜನವೂ ಇರಲಿಲ್ಲ. ಅಷ್ಟಕ್ಕೇ ಅದು ಚುನಾವಣೆಯ ವಿಷಯವಾಯಿತು. 2023ರಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಮುಯಿಜ್ಜು, ವಿದೇಶಿ ಸೈನಿಕರು ಹೊರಡಲಿ ಎಂದರು. ಮೇ 2024ರ ಹೊತ್ತಿಗೆ ಅವರೆಲ್ಲ ವಾಪಸಾದರು, ಅವರ ಜಾಗಕ್ಕೆ ಭಾರತದಿಂದಲೇ ಸಿವಿಲಿಯನ್ ತಂತ್ರಜ್ಞರು ಹೋದರು. ಆಮೇಲೆ ಅಲ್ಲಿನ ರಕ್ಷಣಾ ಸಚಿವರೇ, ಈ ವಿಮಾನ, ಹೆಲಿಕಾಪ್ಟರ್ ಹಾರಿಸಬಲ್ಲ ಪೈಲಟ್‌ಗಳು ಇನ್ನೂ ನಮ್ಮಲ್ಲಿಲ್ಲ ಎಂದು ಹೇಳಿದರು. ಯಂತ್ರ ಬಂದು ಇಷ್ಟು ವರ್ಷವಾದರೂ ಕಲಿತವರು ತಯಾರಾಗಿರಲಿಲ್ಲ. ನನ್ನ ಪ್ರಕಾರ ನೆರವಿನ ದೊಡ್ಡ ಸೋಲು ಇದೇ. ವಿಮಾನದ ಜೊತೆ ಪೈಲಟ್‌ಗಳನ್ನೂ ತಯಾರು ಮಾಡಿಕೊಡದಿದ್ದರೆ ಆ ದೇಶ ಸುಮ್ನೆ ಇನ್ನೊಬ್ಬರ ಮೇಲೆ ಅವಲಂಬಿಸಿಯೇ ಇರುತ್ತದೆ, ಅಲ್ಲಿನ ಜನರಿಗೆ ಅನುಮಾನ ಹುಟ್ಟುವುದೂ ಸಹಜ.

ಬೇರೆ ರೀತಿಯಲ್ಲೂ ಮಾಡಬಹುದು. ಲೆಬನಾನ್ ನಮ್ಮ ಶಿವಮೊಗ್ಗ ಜಿಲ್ಲೆಗಿಂತ ಸ್ವಲ್ಪವೇ ದೊಡ್ಡ ದೇಶ. ಪಕ್ಕದ ಸಿರಿಯಾದಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟನ್ ಅಲ್ಲಿ ಗೋಪುರ, ಕ್ಯಾಮೆರಾ ಕೊಟ್ಟಿತು, ತರಬೇತಿಯನ್ನೂ ಕೊಟ್ಟಿತು. ಗೋಪುರದಲ್ಲಿ ನಿಂತು ಕಾಯುವವರು ಮಾತ್ರ ಲೆಬನಾನಿನ ಸೈನಿಕರೇ. ಹಾಗಿದ್ದೂ ಅಲ್ಲಿಂದ ಸಿಗುವ ಮಾಹಿತಿ ಯಾರ ಕೈ ಸೇರುತ್ತದೋ ಅನ್ನೋ ಅನುಮಾನ ಸಿರಿಯಾಗೆ ಇತ್ತು.

ನನಗೆ ಜಾಸ್ತಿ ಹಿಡಿಸಿದ್ದು ಪೂರ್ವ ಯುರೋಪಿನ ಮೊಲ್ಡೊವಾದ ದಾರಿ. ಆ ದೇಶದ ಪಟ್ಟಿಯಂಥ ಒಂದು ಪ್ರದೇಶ, ಟ್ರಾನ್ಸ್‌ನಿಸ್ಟ್ರಿಯಾ, ಸರ್ಕಾರದ ಹಿಡಿತದಲ್ಲೇ ಇಲ್ಲ, ಉಕ್ರೇನ್ ಜೊತೆಗಿನ ಗಡಿಯ ದೊಡ್ಡ ಭಾಗ ಇರುವುದೂ ಅಲ್ಲೇ. ಕಳ್ಳಸಾಗಣೆ ತಡೆಯಲು 2005ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ತಂಡ ಕಳಿಸಿತು. ಕಸ್ಟಮ್ಸ್, ಗಡಿ ಪೊಲೀಸ್ ಕೆಲಸ ಗೊತ್ತಿದ್ದವರೇ ಹೋದರು. ಅವರಿಗೆ ಬಂಧಿಸುವ ಅಧಿಕಾರ ಕೊಡಲಿಲ್ಲ. ಮೊಲ್ಡೊವಾ, ಉಕ್ರೇನ್ ಎರಡೂ ದೇಶದ ಅಧಿಕಾರಿಗಳ ಪಕ್ಕದಲ್ಲಿ ನಿಂತು ನೋಡುವುದು, ಲಾರಿ ತಪಾಸಣೆ ಹೇಗೆ, ಕಾಗದದಲ್ಲಿ ಮೋಸ ಎಲ್ಲಿ ಅಂತ ಹೇಳಿಕೊಡುವುದು ಅವರ ಕೆಲಸ. ಹಿಡಿಯುವುದು, ಬಿಡುವುದು ಸ್ಥಳೀಯ ಅಧಿಕಾರಿಗೆ ಬಿಟ್ಟದ್ದು.