ಇಬ್ಬರ ಓಟು ಕೂಡಿಸುವ ಮುಂಚೆ ಸ್ವಲ್ಪ ತಾಳಿ

ಫಲಿತಾಂಶ ಬಂದ ಸಂಜೆ ನನ್ನ ಫೋನಿಗೆ ಬರುವ ಪ್ರಶ್ನೆ ಒಂದೇ. "ಸಾರ್, ಅವರದ್ದು ನಮ್ಮದು ಕೂಡಿಸಿದ್ರೆ ಗೆದ್ದವನಿಗಿಂತ ಜಾಸ್ತಿ ಆಗುತ್ತೆ. ಅವರು ನಿಲ್ಲದಿದ್ರೆ ನಾವೇ ಗೆಲ್ತಿದ್ವಿ, ಅಲ್ವಾ?"

ನನ್ನ ಕೆಲಸ ಬೂತ್ ಏಜೆಂಟರಿಗೆ ತರಬೇತಿ ಕೊಡುವುದು, ಆಮೇಲೆ ಬೂತ್‌ವಾರು ಫಲಿತಾಂಶ ಬಿಡಿಸಿ ಹೇಳುವುದು. ಸಣ್ಣ ಪಕ್ಷಗಳ ಕೆಲಸವೇ ಹೆಚ್ಚು. ಸಂಭಾವನೆ ಕಮ್ಮಿ, ವಾದ ಜಾಸ್ತಿ. ಕೆಂಬಾವುಟದ ಎರಡು ಎಡಪಕ್ಷಗಳು ಒಂದೇ ಕ್ಷೇತ್ರದಲ್ಲಿ ನಿಂತರೆ ಇಬ್ಬರೂ ಫೋನ್ ಮಾಡುತ್ತಾರೆ, ಇಬ್ಬರೂ ಅದೇ ಲೆಕ್ಕ ಒಪ್ಪಿಸುತ್ತಾರೆ. ಯಾರು ನಿಲ್ಲಬಾರದಿತ್ತು ಅನ್ನುವುದರಲ್ಲಿ ಮಾತ್ರ ತಕರಾರು.

ಅವರು ಕೂಡಿದ ಮೊತ್ತ ಸರಿಯಾಗಿಯೇ ಇರುತ್ತದೆ. ಅದರಿಂದ ತೆಗೆದ ತೀರ್ಮಾನ ತಪ್ಪಾಗಿರುತ್ತದೆ.

ಒಂದು ಪಕ್ಷ ಕಣದಿಂದ ಹಿಂದೆ ಸರಿದರೆ ಅದರ ಮತದಾರರು ಏನು ಮಾಡುತ್ತಾರೆ? ಕೆಲವರು ನಿಮಗೆ ಹಾಕುತ್ತಾರೆ. ಕೆಲವರು ನಿಮ್ಮ ಎದುರಾಳಿಗೇ ಹಾಕುತ್ತಾರೆ. ಇನ್ನು ಕೆಲವರು ನೋಟಾ ಒತ್ತುತ್ತಾರೆ, ಇಲ್ಲವೇ ಮನೆಯಲ್ಲೇ ಉಳಿಯುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕೋಣ. ನೀವು ಸೋತ ಅಂತರ 3,000. ಇನ್ನೊಂದು ಎಡಪಕ್ಷಕ್ಕೆ ಬಿದ್ದದ್ದು 5,000. ಅವರಲ್ಲಿ 100ಕ್ಕೆ 50 ಮಂದಿ ನಿಮ್ಮ ಕಡೆ ಬಂದರು, 20 ಮಂದಿ ಗೆದ್ದವನ ಕಡೆ ಹೋದರು, 30 ಮಂದಿ ಯಾರಿಗೂ ಹಾಕಲಿಲ್ಲ ಅಂತ ಇಟ್ಟುಕೊಳ್ಳಿ. ನಿಮಗೆ 2,500 ಬಂತು. ಅವನಿಗೂ 1,000 ಬಂತು. ಅಂತರ ಇಳಿದದ್ದು 1,500 ಮಾತ್ರ. ಸೋಲು ಅರ್ಧ ಚಿಕ್ಕದಾಯಿತು, ಅಷ್ಟೇ. 50ರಲ್ಲಿ 20 ಕಳೆದು ಉಳಿಯುವ ಆ 30ನ್ನು ನಾನು ನಿವ್ವಳ ಅನ್ನುತ್ತೇನೆ. ನಿವ್ವಳ ಎಷ್ಟು ಅಂತ ನೋಡದೆ "ಓಟು ಒಡೆದು ಸೋತೆವು" ಅನ್ನಬಾರದು.

ಇಷ್ಟನ್ನೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಟೀ ಕುಡಿದು ಬಂದ ಮೇಲೆ ಒಬ್ಬರು ಎದ್ದು, "ಆದ್ರೂ ಸಾರ್, ಎರಡೂ ಕೂಡಿಸಿದ್ರೆ..." ಅಂತ ಮತ್ತೆ ಶುರು ಮಾಡುತ್ತಾರೆ.

ಅದೇ 30 ಸಾಕಾಗುವ ಸಂದರ್ಭಗಳೂ ಇವೆ. 2002ರ ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆ ನೋಡಿ. ಮೊದಲ ಸುತ್ತಿನಲ್ಲಿ 16 ಅಭ್ಯರ್ಥಿಗಳು. ಎರಡನೇ ಸುತ್ತಿಗೆ ಹೋಗುವವರು ಇಬ್ಬರೇ. ಪ್ರಧಾನಿಯಾಗಿದ್ದ ಸಮಾಜವಾದಿ ಲಿಯೊನೆಲ್ ಜೋಸ್ಪಾಂ ಶೇ 16.18 ಪಡೆದರು, ಕಡು ಬಲಪಂಥದ ಲೆ ಪೆನ್ ಶೇ 16.86. ಅಂತರ ಸುಮಾರು 1.95 ಲಕ್ಷ ಓಟು, ಜೋಸ್ಪಾಂ ಮೂರನೆಯವರಾಗಿ ಹೊರಬಿದ್ದರು. ಜೋಸ್ಪಾಂ ಸರ್ಕಾರದ ಜೊತೆಗೇ ಇದ್ದ ಸಣ್ಣ ಪಕ್ಷವೊಂದರಿಂದ ನಿಂತ ಕ್ರಿಸ್ಟಿಯಾನ್ ತೊಬಿರಾ ಒಬ್ಬರೇ 6.6 ಲಕ್ಷ ಪಡೆದಿದ್ದರು. 100ಕ್ಕೆ 30 ನಿವ್ವಳ ಸಿಕ್ಕಿದ್ದರೂ ಜೋಸ್ಪಾಂ ದಡ ಸೇರುತ್ತಿದ್ದರು. ಇಲ್ಲಿ ಓಟು ಒಡೆಯಿತು ಅನ್ನಲು ನನಗೆ ಅಳುಕಿಲ್ಲ. ಆದರೆ ಶೇ 5.72 ಪಡೆದ ಕಡು ಎಡಪಂಥದ ಆರ್ಲೆಟ್ ಲಾಗಿಯೆ ಅವರ ಓಟನ್ನೂ ಜೋಸ್ಪಾಂ ಖಾತೆಗೆ ಬರೆಯಬೇಡಿ. ಆಕೆಗೆ ಓಟು ಹಾಕಿದವರಲ್ಲಿ ಬಹಳಷ್ಟು ಜನಕ್ಕೆ ಜೋಸ್ಪಾಂ ಮೇಲೇ ಸಿಟ್ಟಿತ್ತು. ಅವರು ಮನೆಯಲ್ಲಿ ಕೂರುತ್ತಿದ್ದರೋ ಏನೋ.

2019ರ ಲೋಕಸಭಾ ಚುನಾವಣೆಯಲ್ಲಿ ಬಿಹಾರದ ಬೇಗುಸರಾಯ್ ಕಥೆ ಬೇರೆ. ಸಿಪಿಐನ ಕನ್ಹಯ್ಯ ಕುಮಾರ್‌ಗೆ ಸುಮಾರು 2.7 ಲಕ್ಷ, ಆರ್‌ಜೆಡಿಯ ತನ್ವೀರ್ ಹಸನ್‌ಗೆ ಸುಮಾರು 2 ಲಕ್ಷ, ಬಿಜೆಪಿಯ ಗಿರಿರಾಜ್ ಸಿಂಗ್‌ಗೆ 6.9 ಲಕ್ಷ. ಇಲ್ಲಿ ಪೂರ್ತಿ ಕೂಡಿಸಿದರೂ ಎರಡು ಲಕ್ಷಕ್ಕಿಂತ ಜಾಸ್ತಿ ಕೊರತೆ. ಆದರೂ ಯಾರು ಯಾರಿಗೆ ಬಿಟ್ಟುಕೊಡಬೇಕಿತ್ತು ಅಂತ ಇವತ್ತಿಗೂ ನನ್ನ ಹತ್ತಿರ ಜಗಳಕ್ಕೆ ಬರುವವರಿದ್ದಾರೆ.

ಹಾಗಾದರೆ ಹೊಂದಾಣಿಕೆ ದಂಡವೇ? ಖಂಡಿತ ಅಲ್ಲ. ಕೇರಳ ನೋಡಿ. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆದು ಸಿಪಿಐ, ಸಿಪಿಎಂ ಅಂತ ಎರಡಾಯಿತು. 1965ರ ಚುನಾವಣೆಯಲ್ಲಿ ಇಬ್ಬರೂ ಎದುರುಬದುರು ನಿಂತರು. 133 ಸ್ಥಾನಗಳಲ್ಲಿ ಸಿಪಿಎಂಗೆ 40, ಸಿಪಿಐಗೆ ಬರೀ 3, ಕಾಂಗ್ರೆಸ್ಸಿಗೆ 36. ಯಾರಿಗೂ ಬಹುಮತ ಇಲ್ಲ, ಸರ್ಕಾರ ಆಗಲೇ ಇಲ್ಲ. 1967ರಲ್ಲಿ ಏಳು ಪಕ್ಷಗಳು ಒಟ್ಟಾದವು. ಸಿಪಿಎಂಗೆ 52, ಸಿಪಿಐಗೆ 19, ಕಾಂಗ್ರೆಸ್ಸಿಗೆ 9. ಸಿಪಿಎಂನ ಇ.ಎಂ.ಎಸ್. ನಂಬೂದಿರಿಪಾಡ್ ಮುಖ್ಯಮಂತ್ರಿಯಾದರು. ಇದರಲ್ಲಿ ತಮಾಷೆ ಏನು ಗೊತ್ತಾ? ಕಾಂಗ್ರೆಸ್ಸಿನ ಓಟು ಕಮ್ಮಿಯಾಗಿರಲಿಲ್ಲ. ಶೇ 33ರ ಆಸುಪಾಸಿನಿಂದ 35ಕ್ಕೆ ಏರಿತ್ತು! ಓಟು ಏರಿ ಸೀಟು ಕಾಲುಭಾಗಕ್ಕೆ ಇಳಿಯಿತು. ಸಿಪಿಐ ಕೂಡ ತುಂಬ ಕಮ್ಮಿ ಕಡೆ ನಿಂತು, ಹಿಂದಿನಷ್ಟೇ, ಅಂದರೆ ಸುಮಾರು ಶೇ 8 ಓಟು ಉಳಿಸಿಕೊಂಡಿತು. ಆದರೆ ಆ ಏಳರಲ್ಲಿ ಮುಸ್ಲಿಂ ಲೀಗ್ ಇತ್ತು, ಸಂಯುಕ್ತ ಸೋಷಲಿಸ್ಟ್ ಪಕ್ಷ (ಎಸ್‌ಎಸ್‌ಪಿ) ಇತ್ತು. ಎರಡು ಕಮ್ಯುನಿಸ್ಟ್ ಪಕ್ಷ ಸೇರಿದ್ದಕ್ಕೇ ಇಷ್ಟೆಲ್ಲ ಆಯಿತು ಅಂತ ನಾನು ಬರೆದುಕೊಡಲಾರೆ.

ಸಣ್ಣವರು ಸಣ್ಣವರ ಜೊತೆ ಮಾತ್ರ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಬಿಹಾರವಿದೆ. 2015ರಲ್ಲಿ ಆರು ಎಡಪಕ್ಷಗಳು ಒಂದಾಗಿ, ದೊಡ್ಡ ಮೈತ್ರಿಕೂಟದ ಹೊರಗೆ ನಿಂತವು. ಸಿಕ್ಕಿದ್ದು ಮೂರು ಸೀಟು, ಮೂರೂ ಸಿಪಿಐ (ಎಂಎಲ್) ಲಿಬರೇಷನ್‌ಗೆ. 2020ರಲ್ಲಿ ಆರ್‌ಜೆಡಿ, ಕಾಂಗ್ರೆಸ್ ಜೊತೆ ಸೇರಿ 29 ಕಡೆ ನಿಂತು 16 ಗೆದ್ದರು. 2025ರಲ್ಲಿ ಅದೇ ಮೈತ್ರಿಕೂಟದಲ್ಲಿದ್ದರೂ ಮತ್ತೆ ಮೂರಕ್ಕೆ ಬಂದರು. ಮೈತ್ರಿ ಇದ್ದರೆ ಗೆಲುವು ಖಾತ್ರಿ ಅನ್ನುವವರು ಈ ಮೂರು ವರ್ಷಗಳನ್ನು ಒಟ್ಟಿಗೆ ಇಟ್ಟು ನೋಡಲಿ.

"ಇಷ್ಟು ಗೊತ್ತಿದ್ದೂ ಯಾಕೆ ನಿಲ್ತಾರೆ ಸಾರ್?" ಅಂತ ಪತ್ರಕರ್ತರು ಕೇಳುತ್ತಾರೆ. ಹಟ ಇದೆ, ಹಳೇ ಸಿಟ್ಟೂ ಇದೆ. ಜೊತೆಗೆ ನಿಯಮವೂ ಇದೆ. ರಾಜ್ಯ ಪಕ್ಷ ಅನ್ನುವ ಮಾನ್ಯತೆಗೆ ಇರುವ ದಾರಿಗಳಲ್ಲಿ ಒಂದು, ವಿಧಾನಸಭೆ ಚುನಾವಣೆಯಲ್ಲಿ ಶೇ 6 ಓಟು ಮತ್ತು ಇಬ್ಬರು ಶಾಸಕರು. ಮಾನ್ಯತೆ ಹೋದರೆ ಚಿಹ್ನೆಗೂ ಕುತ್ತು. ಸಿಪಿಐಗೆ 2023ರಲ್ಲಿ ರಾಷ್ಟ್ರೀಯ ಪಕ್ಷದ ಪಟ್ಟ ಹೋಯಿತು. ನಲವತ್ತು ವರ್ಷ ಗೋಡೆ ಮೇಲೆ ತೆನೆ-ಕುಡುಗೋಲು ಬರೆದವನಿಗೆ ಈ ಸಲ ಬೇರೆಯವರ ಚಿಹ್ನೆ ಬರಿ ಅಂದರೆ ಕೈ ಓಡುತ್ತದೆಯೇ?

ನನ್ನ ಅನುಭವದಲ್ಲಿ ನಿಜವಾದ ನಷ್ಟ ಬೂತಿನಲ್ಲಿ ಆಗುತ್ತದೆ. ಒಂದು ಹಳ್ಳಿ ಶಾಲೆಯಿಂದ ಇನ್ನೂರು ಮೀಟರ್ ಆಚೆ ಎರಡು ಎಡಪಕ್ಷಗಳ ಟೇಬಲ್ಲು ಅಕ್ಕಪಕ್ಕದಲ್ಲೇ ಇದ್ದವು. ಮತದಾರರ ಪಟ್ಟಿ ಮಾತ್ರ ಒಂದೇ. ಒಬ್ಬರ ಪ್ರತಿಯ ಕೊನೆಯ ಹಾಳೆಗಳು ಹರಿದಿದ್ದವು, ಇನ್ನೊಬ್ಬರದ್ದನ್ನೇ ಇಬ್ಬರೂ ನೋಡುತ್ತಿದ್ದರು. ಟೀ ಫ್ಲಾಸ್ಕೂ ಒಂದೇ. "ಅಣ್ಣಾ, ನಿಮ್ಮ ಕ್ರಮಸಂಖ್ಯೆ ಇನ್ನೂರ ಹನ್ನೊಂದು" ಅಂತ ಒಬ್ಬ ಚೀಟಿ ಬರೆದುಕೊಟ್ಟರೆ, ಇನ್ನೊಬ್ಬ ಆ ಅಣ್ಣನಿಗೆ ತನ್ನ ಚಿಹ್ನೆ ನೆನಪಿಸುತ್ತಿದ್ದ. ಒಳಗೆ ಏಜೆಂಟರಾಗಿ ಕೂತಿದ್ದ ಇಬ್ಬರೂ ಮಧ್ಯಾಹ್ನ ಊಟಕ್ಕೆ ಎದ್ದುಹೋದರು, ಬದಲಿಗೆ ಕೂರಲು ಯಾರೂ ಇರಲಿಲ್ಲ. ಅದೇ ತಾಲ್ಲೂಕಿನಲ್ಲಿ ಒಬ್ಬ ಏಜೆಂಟನೂ ಇಲ್ಲದ ಬೂತುಗಳು ಎಷ್ಟೋ ಇದ್ದವು. ಒಳ್ಳೆಯ ಜನ, ಬೈಯಲು ಮನಸ್ಸು ಬರಲಿಲ್ಲ. ಆದರೂ ಬೈದೆ.

ಮುಂದಿನ ಸಲ ನನ್ನ ಹತ್ತಿರ ಬರುವಾಗ ಕ್ಯಾಲ್ಕುಲೇಟರ್ ಬೇಡ, ಬೂತ್‌ವಾರು ಓಟಿನ ಲೆಕ್ಕ ಇರುವ ಫಾರಂ 20 ತನ್ನಿ. ಒಂದಲ್ಲ, ಎರಡು ಚುನಾವಣೆಯದ್ದು: ಅವರು ನಿಂತ ವರ್ಷದ್ದು, ನಿಲ್ಲದ ವರ್ಷದ್ದು. ಅವರ ಓಟು ಜಾಸ್ತಿ ಇದ್ದ ಬೂತುಗಳಲ್ಲಿ, ಅವರು ಇಲ್ಲದಾಗ ನಿಮ್ಮದು ಎಷ್ಟು ಏರಿತು, ಗೆದ್ದವನದ್ದು ಎಷ್ಟು ಏರಿತು, ಒಟ್ಟು ಮತದಾನ ಎಷ್ಟು ಇಳಿಯಿತು ಅಂತ ನೋಡೋಣ. ಗಾಳಿ ಬೀಸಿದ ಚುನಾವಣೆಯಾದರೆ ಇದೂ ಕೈಕೊಡುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ಮಾತು. ಬೂತ್ ಸಂಖ್ಯೆ ಹಿಡಿದು ಹೋಲಿಸಬೇಡಿ, ಅದು ಆಗಾಗ ಬದಲಾಗುತ್ತದೆ. ಊರಿನ ಹೆಸರು, ಶಾಲೆಯ ಹೆಸರು, ಕೊಠಡಿ ಯಾವುದು ಅಂತ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬನ್ನಿ.