ಪಾನಕಕ್ಕೆ ನೀರು ಬೆರೆಸಿದರೆ ಬೆಲ್ಲ ಕಡಿಮೆಯಾಗುವುದಿಲ್ಲ

ಕೀನ್ಯದ ನ್ಯೇರಿ, ಕಿರಿನ್ಯಾಗ ಸೀಮೆಯ ಸಹಕಾರ ಸಂಘಗಳು ಕಾಫಿ ಹಣ್ಣು ಪಲ್ಪ್ ಮಾಡುವ, ಅಂದರೆ ಸಿಪ್ಪೆ ಸುಲಿದು ಬೀಜ ಬೇರೆ ಮಾಡುವ ಜಾಗಕ್ಕೆ ‘ಫ್ಯಾಕ್ಟರಿ’ ಎನ್ನುತ್ತವೆ. ಹೆಸರು ಕೇಳಿ ಚಿಮಣಿ ಹುಡುಕಬೇಡಿ. ಇಳಿಜಾರಿನಲ್ಲಿ ತಗಡಿನ ಮಾಡು, ಅದರಡಿ ಮೂರು ಇಲ್ಲವೆ ನಾಲ್ಕು ಡಿಸ್ಕಿನ ಪಲ್ಪರ್, ಕೆಳಗೆ ಬೀಜಕ್ಕಂಟಿದ ಲೋಳೆ ಕರಗಲೆಂದು ಹುಳಿಯಿಡುವ ತೊಟ್ಟಿಗಳು, ತೊಳೆಯುವ ಉದ್ದನೆಯ ಕಾಲುವೆ, ಆಚೆ ಪಾರ್ಚ್‌ಮೆಂಟ್ (ತೆಳುಹೊಟ್ಟಿನೊಳಗಿನ ಬೀಜ) ಒಣಗಿಸುವ ಎತ್ತರದ ತಟ್ಟಿಗಳು. ಎಲ್ಲಕ್ಕಿಂತ ಕೆಳಗೆ ಹೊಳೆ. ನಮ್ಮ ಚಿಕ್ಕಮಗಳೂರು, ಕೊಡಗಿನ ಪಲ್ಪರ್ ಹೌಸ್ ಕಂಡವರಿಗೆ ಇದೇನೂ ಹೊಸದಲ್ಲ. ಮಾತು ಮಾತ್ರ ಸ್ವಲ್ಪ ಬೇರೆ. ನಾವು ‘ಚೆರ್ರಿ’ ಎನ್ನುವುದು ಪಲ್ಪ್ ಮಾಡದೆ ಹಾಗೇ ಒಣಗಿಸಿದ್ದನ್ನು, ಅಲ್ಲಿ ಚೆರ್ರಿ ಎಂದರೆ ಹಸಿ ಹಣ್ಣು, ಒಣಗಿಸಿದ್ದಕ್ಕೆ ‘ಎಂಬೂನಿ’. ಗೊಂದಲ ಬೇಡವೆಂದು ಗಿಡದಿಂದ ಕಿತ್ತದ್ದನ್ನು ನಾನು ಹಣ್ಣು ಎಂದೇ ಬರೆಯುತ್ತೇನೆ.

ಈ ಫ್ಯಾಕ್ಟರಿಗಳಲ್ಲಿ ಮತ್ತೆ ಮತ್ತೆ ನಡೆಯುವ ಒಂದು ತಪ್ಪಿದೆ. ಪಲ್ಪರ್ ನೀರನ್ನು ತಿರುಗಿಸಿ ಬಳಸುವ, ಸಿಪ್ಪೆಯನ್ನು ಒಣದಾಗಿಯೇ ಬೇರೆ ಮಾಡುವ ಏರ್ಪಾಡು ಮಾಡುತ್ತಾರೆ. ನೀರಿನ ಖರ್ಚು ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಎಲ್ಲರಿಗೂ ಖುಷಿ. ಆಮೇಲೆ ಪ್ರಯೋಗಾಲಯದ ವರದಿ ಬರುತ್ತದೆ. ಬಿಒಡಿ, ಅಂದರೆ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಹಿಂದೆ ಲೀಟರಿಗೆ 3,000 ಮಿಲಿಗ್ರಾಂ ಇದ್ದದ್ದು ಈಗ 7,500! ಸಂಘದ ಅಧ್ಯಕ್ಷರು ಗಾಬರಿ. ಮ್ಯಾನೇಜರನಿಗೆ ಬೈಗುಳ. ಮರುದಿನವೇ ಪಂಪು ಬಂದ್, ಹೊಸ ನೀರಿನ ವಾಲ್ವ್ ಪೂರ್ತಿ ಓಪನ್. ಅಂಕಿ ಮತ್ತೆ ಇಳಿಯುತ್ತದೆ, ಎಲ್ಲರಿಗೂ ನಿದ್ದೆ ಹತ್ತುತ್ತದೆ, ಹೊಳೆಯೊಂದಕ್ಕೆ ಬಿಟ್ಟು.

ಲೆಕ್ಕಕ್ಕೆಂದು ದಿನಕ್ಕೆ 10 ಟನ್ ಹಣ್ಣು ಬರುವ ಫ್ಯಾಕ್ಟರಿ ಇಟ್ಟುಕೊಳ್ಳಿ. ಕಿಲೋ ಹಣ್ಣಿಗೆ 10 ಲೀಟರ್ ನೀರು ಸುರಿದರೆ ದಿನಕ್ಕೆ 1 ಲಕ್ಷ ಲೀಟರ್. ಲೀಟರಿಗೆ 3,000 ಮಿಲಿಗ್ರಾಂ ಎಂದರೆ ಹೊರಹೋದ ಒಟ್ಟು ಬಿಒಡಿ 300 ಕಿಲೋ. ನೀರನ್ನು ತಿರುಗಿಸಿ, ಸಿಪ್ಪೆಯನ್ನು ಒಣದಾಗಿಯೇ ಬೇರೆ ಮಾಡಿದಾಗ ಹೊರಹೋಗುವುದು 20,000 ಲೀಟರ್. ಅದು ಲೀಟರಿಗೆ 7,500 ಇದ್ದರೆ ಒಟ್ಟು 150 ಕಿಲೋ. ಅಂಕಿ ಎರಡೂವರೆ ಪಟ್ಟು ಏರಿತು, ಕೊಳೆ ಅರ್ಧಕ್ಕೆ ಇಳಿಯಿತು. ಪಾನಕ ಮಾಡುವಾಗ ಎರಡು ಅಚ್ಚು ಬೆಲ್ಲ ಹಾಕಿ ಕೊಡಪಾನ ತುಂಬ ನೀರು ಬೆರೆಸಿದರೆ ನಾಲಿಗೆಗೆ ಸಪ್ಪೆ ಅನ್ನಿಸೀತು. ಆದರೆ ಕೊಡದೊಳಗಿನ ಬೆಲ್ಲ ಎರಡು ಅಚ್ಚೇ. ಒಂದೇ ಅಚ್ಚು ಹಾಕಿ ಚೊಂಬಿನಲ್ಲಿ ಕದಡಿದರೆ ಬಾಯಿ ಕಟ್ಟುವಷ್ಟು ಸಿಹಿ. ಹೊಳೆ ಸವಿಯುವುದು ನಾಲಿಗೆಯಿಂದಲ್ಲ ಮಾರಾಯ್ರೆ, ಅದು ಅಚ್ಚು ಎಣಿಸುತ್ತದೆ.

ಎಷ್ಟು ಎಣಿಸುತ್ತದೆ ಅಂದರೆ, 1,700 ಮೀಟರ್ ಎತ್ತರದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿಯಬಲ್ಲದು. ಸಮುದ್ರ ಮಟ್ಟದಲ್ಲಾದರೆ 9ರ ಆಸುಪಾಸು. 300 ಕಿಲೋ ಬಿಒಡಿ ಎಂದರೆ 4 ಕೋಟಿ ಲೀಟರ್ ನೀರಿನ ಅಷ್ಟೂ ಆಮ್ಲಜನಕ. ಸೆಕೆಂಡಿಗೆ 100 ಲೀಟರ್ ಹರಿಯುವ ಹಳ್ಳದಲ್ಲಿ ಇಡೀ ದಿನಕ್ಕೆ ಹರಿಯುವುದೇ 86 ಲಕ್ಷ ಲೀಟರ್. ಹರಿವ ನೀರು ಗಾಳಿಯಿಂದ ಮತ್ತೆ ಉಸಿರು ತುಂಬಿಕೊಳ್ಳುತ್ತದೆ, ಬಿಒಡಿಯೂ ಒಂದೇ ದಿನದಲ್ಲಿ ಪೂರ್ತಿ ಎಳೆಯುವುದಿಲ್ಲ. ಆದ್ದರಿಂದ ಇದು ಒರಟು ಲೆಕ್ಕ. 150 ಕಿಲೋ ಕೂಡ ಆ ಹಳ್ಳಕ್ಕೆ ಹೆಚ್ಚೇ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. ಅರ್ಧಕ್ಕಿಳಿಸಿದೆವು, ಇನ್ನು ಹೊಳೆಗೆ ಬಿಡಬಹುದು ಎಂದು ಯಾರೂ ಓದಿಕೊಳ್ಳಬೇಡಿ. ಕೀನ್ಯದ 2006ರ ನೀರಿನ ಗುಣಮಟ್ಟ ನಿಯಮಗಳು ಪರಿಸರಕ್ಕೆ ಬಿಡುವ ನೀರಿಗೆ ಇಟ್ಟ ಮಿತಿ ಲೀಟರಿಗೆ 30 ಮಿಲಿಗ್ರಾಂ. 3,000ವೂ ಅದರ ಹತ್ತಿರಕ್ಕಿಲ್ಲ, 7,500ವೂ ಇಲ್ಲ. ಗೊಂದಲಕ್ಕೆ ಬೀಜ ಬಿದ್ದಿರುವುದೂ ಇಲ್ಲಿಯೇ: ನಿಯಮ ಮಿಲಿಗ್ರಾಂನಲ್ಲಿದೆ, ಜನ ಮಿಲಿಗ್ರಾಂ ಇಳಿಸಲು ನೀರು ಸುರಿಯುತ್ತಾರೆ. ವರದಿಯ ಪಕ್ಕದಲ್ಲಿ ಪೆನ್ನಿನಿಂದ ಇನ್ನೊಂದು ಕಾಲಂ ಎಳೆದು ‘ಟನ್ ಹಣ್ಣಿಗೆ ಎಷ್ಟು ಕಿಲೋ’ ಎಂದು ಬರೆಯಿರಿ ಎನ್ನುವುದು ನನ್ನ ಹಳೆಯ ಹಟ. ಮೊದಲು 30 ಇತ್ತು, ಈಗ 15.

ಕೊಳೆ ಅರ್ಧವಾದದ್ದು ನೀರು ತಿರುಗಿಸಿದ್ದರಿಂದಲ್ಲ, ಸಿಪ್ಪೆಯನ್ನು ನೀರಿನಿಂದ ದೂರ ಇಟ್ಟಿದ್ದರಿಂದ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹಣ್ಣಿನ ತೂಕದಲ್ಲಿ ಸುಮಾರು ಶೇ 40 ಸಿಪ್ಪೆ. ಅದರೊಳಗೆ ಸಕ್ಕರೆ ಇದೆ. ಚಹಾ ಸೊಪ್ಪನ್ನು ಲೋಟದಲ್ಲೇ ಬಿಟ್ಟ ಹಾಗೆ, ಸಿಪ್ಪೆ ನೀರಿನಲ್ಲಿ ಕೂತಷ್ಟೂ ರಸ ಬಿಡುತ್ತದೆ. ಕಾಲುವೆಯಲ್ಲಿ ನೀರಿನ ಜೊತೆ ಸಿಪ್ಪೆಯನ್ನು ತೇಲಿಸಿಕೊಂಡು ಹೋಗಿ ಗುಂಡಿಗೆ ಬೀಳಿಸುವುದು ಬಹಳ ಅಗ್ಗದ ಸಾಗಾಣಿಕೆ ಎಂದು ತೋರುತ್ತದೆ. ಬಿಲ್ಲು ಆಮೇಲೆ ಬರುತ್ತದೆ. ಪಲ್ಪರ್ ಬಾಯಿಯಿಂದ ಬಿದ್ದ ಸಿಪ್ಪೆ ಕೂಡಲೇ ಓರೆಯಾಗಿ ನಿಲ್ಲಿಸಿದ ತೂತಿನ ತಗಡಿನ ಮೇಲೆ ಜಾರಬೇಕು. ನೀರು ಕೆಳಗಿನ ತೊಟ್ಟಿಗೆ, ಸಿಪ್ಪೆ ಗಾಡಿಗೆ ಇಲ್ಲವೆ ಸ್ಕ್ರೂ ಕನ್ವೇಯರಿಗೆ. ಇಳಿಜಾರು ಚೆನ್ನಾಗಿದ್ದರೆ ಕನ್ವೇಯರ್ ಕೂಡ ಬೇಡ. ಸಂಜೆಗೆ ತಗಡಿನ ತೂತುಗಳನ್ನು ಗಟ್ಟಿ ಬ್ರಷ್‌ನಿಂದ ಉಜ್ಜದಿದ್ದರೆ ನಾಳೆಗೆ ಲೋಳೆ ಒಣಗಿ ಅರ್ಧ ತೂತು ಮುಚ್ಚಿರುತ್ತದೆ. ನೀರು ಸಿಪ್ಪೆಯ ಜೊತೆಗೇ ಹೋಗುತ್ತದೆ, ‘ಈ ಜರಡಿ ಕೆಲಸಕ್ಕೆ ಬಾರದು’ ಎಂದು ಯಾರೋ ಕಿತ್ತೆಸೆಯುತ್ತಾರೆ.

ನೀರು ಕಡಿಮೆ ಮಾಡುವ ಮುಂಚೆ ಅಳೆಯಿರಿ. ಮೀಟರ್ ಇಲ್ಲದಿದ್ದರೆ 20 ಲೀಟರಿನ ಬಕೆಟ್ ಮತ್ತು ಗಡಿಯಾರ ಸಾಕು. ಪಲ್ಪರಿಗೆ ಹೋಗುವ ಪೈಪಿನಡಿ ಬಕೆಟ್ 8 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 9,000 ಲೀಟರ್. ಮುಚ್ಚಿದ್ದೇವೆ ಎಂದು ನಂಬಿದ ವಾಲ್ವಿನಡಿ ರಾತ್ರಿ ಬಕೆಟ್ ಇಡಿ. ಅದು 80 ಸೆಕೆಂಡಿನಲ್ಲಿ ತುಂಬಿದರೂ ಹತ್ತು ಗಂಟೆಯಲ್ಲಿ 9,000 ಲೀಟರ್ ಸೋರಿರುತ್ತದೆ. ಒಂದು ಗಂಟೆ ಪಲ್ಪ್ ಮಾಡುವಷ್ಟು ನೀರು, ಒಂದು ಹಣ್ಣನ್ನೂ ಮುಟ್ಟದೆ. ಎಷ್ಟೋ ಕಡೆ ಮೊದಲ ಉಳಿತಾಯ ಸಿಗುವುದು ಇಂಥ ವಾಷರ್ ಬದಲಿಸಿದಾಗಲೇ. ಆದರೆ ವಾಷರ್ ಬದಲಿಸಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲವಲ್ಲ.

ಇನ್ನು ತಿರುಗಿಸುವ ನೀರಿನ ಶಿಸ್ತು. ಅದು ಅದೇ ದಿನದ ಪಲ್ಪಿಂಗಿಗೆ ಮಾತ್ರ, ರಾತ್ರಿಗೆ ಇಟ್ಟುಕೊಳ್ಳುವಂತಿಲ್ಲ. ಬೆಳಗಾಗುವಷ್ಟರಲ್ಲಿ ಹುಳಿಯೆದ್ದ ಆ ನೀರು ಹೊಸ ಹಣ್ಣಿಗೆ ಸೋಕಿದರೆ ಕಪ್‌ನಲ್ಲಿ ಹುಳಿನಾತ ಗ್ಯಾರಂಟಿ, ಒಂದು ತೊಟ್ಟಿಯ ತಪ್ಪು ಇಡೀ ಲಾಟಿನ ದರ ಇಳಿಸೀತು. ಕೊನೆಯ ತೊಳೆತಕ್ಕೂ, ಕೀನ್ಯದವರು ತೊಳೆದ ಮೇಲೆ ಪಾರ್ಚ್‌ಮೆಂಟನ್ನು ನೆನೆಹಾಕುವ ತೊಟ್ಟಿಗೂ ಹೊಸ ನೀರೇ ಬೇಕು. ಆ ಕೊನೆಯ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ಅದನ್ನು ಚೆಲ್ಲದೆ ಮೊದಲ ತೊಳೆತಕ್ಕೆ, ಅಲ್ಲಿಂದ ಪಲ್ಪರಿಗೆ ಕೊಡಿ. ನೀರು ಸದಾ ಶುಚಿಯಾದ ಕೆಲಸದಿಂದ ಕೊಳಕು ಕೆಲಸಕ್ಕೆ ಇಳಿಯಬೇಕು, ಮೇಲಕ್ಕೆ ಹತ್ತಬಾರದು.

ತಿರುಗಿದ ನೀರು ಬಳಸಿದಾಗ ತೊಟ್ಟಿಯಲ್ಲಿ ಬೀಜದ ಹುದುಗು ಬೇಗ ಮುಗಿಯುವ ಸಾಧ್ಯತೆ ಇದೆ, ಲೋಳೆ ಕರಗಿಸುವ ಕಿಣ್ವಗಳು ಅದರಲ್ಲಿ ಆಗಲೇ ಸೇರಿರುತ್ತವೆ. ಹಳೆಯ ಗಂಟೆ ಲೆಕ್ಕ ನಂಬಿ ಕೂರಬೇಡಿ. ಬೀಜವನ್ನು ಅಂಗೈಯಲ್ಲಿ ಉಜ್ಜಿ, ಹೊಳೆಯ ಸಣ್ಣ ಕಲ್ಲುಗಳಂತೆ ಕರಕರ ಎನ್ನಬೇಕು. ತೊಟ್ಟಿಗೆ ಕೋಲು ಚುಚ್ಚಿ ತೆಗೆದರೆ ತೂತು ಹಾಗೇ ನಿಲ್ಲಬೇಕು.

ಪಲ್ಪರಿಗೆ ನೀರು ಕಡಿಮೆಯಾದಾಗ ಡಿಸ್ಕಿನ ಅಂತರವನ್ನೂ ಮತ್ತೆ ಹೊಂದಿಸಬೇಕು. ಇದನ್ನು ಮರೆತು ‘ನೀರು ಕಡಿಮೆ ಮಾಡಿದ್ದಕ್ಕೆ ಬೀಜ ಕತ್ತರಿಸುತ್ತಿದೆ’ ಎಂದು ದೂರುವವರೇ ಹೆಚ್ಚು. ನೂರು ಬೀಜ ಎಣಿಸಿ. ಗಾಯವಾದದ್ದು ಎರಡು ಮೂರಕ್ಕಿಂತ ಹೆಚ್ಚಿದ್ದರೆ ಅಂತರ ಸರಿಯಿಲ್ಲ, ಇಲ್ಲವೆ ಡಿಸ್ಕ್ ಸವೆದಿದೆ. ಪಂಪು ಕೊಳ್ಳುವಾಗ ತೆರೆದ ಇಂಪೆಲ್ಲರ್ (ನೀರು ದೂಡುವ ಚಕ್ರ) ಇರುವುದನ್ನೇ ಕೇಳಿ. ಶುದ್ಧ ನೀರಿನ ಪಂಪಿಗೆ ಸಿಪ್ಪೆಯ ನಾರು ಸುತ್ತಿಕೊಂಡರೆ ಹಣ್ಣು ತುಂಬಿ ಬರುವ ನವೆಂಬರಿನಲ್ಲೇ ಸುಟ್ಟುಹೋಗುತ್ತದೆ.

ಉಳಿದ 20,000 ಲೀಟರ್ ಎಲ್ಲಿಗೆ? ಇಂಗುಗುಂಡಿಗೆ ಎನ್ನುವವರು ಮೊದಲ ವರ್ಷ ನಗುತ್ತಾರೆ, ಎರಡನೇ ವರ್ಷ ಅತ್ತ ಮುಖ ಮಾಡುವುದಿಲ್ಲ. ಲೋಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಮಣ್ಣಿನ ರಂಧ್ರಗಳಿಗೆ ಮೇಣದಂತೆ ಕೂತು ಗುಂಡಿ ಕುಡಿಯುವುದನ್ನೇ ನಿಲ್ಲಿಸುತ್ತದೆ. ನೀರಿನ ಹುಳಿ ಕಳೆಯಲು ಸುಣ್ಣ ಹಾಕುವುದರಲ್ಲಿ ಕ್ರಮ ಮುಖ್ಯ. ನೀರು ತಾನಾಗಿ ಹುಳಿಯಾಗಿ ಪಿಎಚ್ 4ರ ಆಸುಪಾಸಿಗೆ ಇಳಿಯಲಿ. ಆಗ ಪೆಕ್ಟಿನ್ ಹೆಪ್ಪುಗಟ್ಟಿ ಕೆನೆಯಂತೆ ಮೇಲೆ ತೇಲುತ್ತದೆ. ಅದನ್ನು ತೆಗೆದು ಸಿಪ್ಪೆ ರಾಶಿಗೆ ಹಾಕಿ, ಆಮೇಲೆ ಸುಣ್ಣ. ಪಿಎಚ್ ಕಾಗದ ಇಟ್ಟುಕೊಂಡು 6.5ರಿಂದ 7ರವರೆಗೆ ಏರಿಸಿ. ಮೊದಲೇ ಸುಣ್ಣ ಸುರಿದರೆ ಪೆಕ್ಟಿನ್ ನೀರಿನಲ್ಲೇ ಕರಗಿ ಉಳಿದು, ಮುಂದಿನ ತೊಟ್ಟಿಗೆ ಸಾಗುತ್ತದೆ. ಹೀಗೆ ತಿಳಿಯಾದದ್ದನ್ನು ನೇಪಿಯರ್ ಹುಲ್ಲಿಗೋ ಬಾಳೆಗೋ ಸರದಿಯಂತೆ ಹಾಯಿಸಬಹುದು, ಸ್ಥಳೀಯ ಅನುಮತಿ ಪಡೆದು. 20,000 ಲೀಟರನ್ನು 5 ಮಿಲಿಮೀಟರ್ ಆಳದಷ್ಟು ಹರಡಲು ಸುಮಾರು ಒಂದು ಎಕರೆ ಸಾಕು. 1 ಲಕ್ಷ ಲೀಟರಿಗೆ ಐದು ಎಕರೆ ಬೇಕು, ಅಷ್ಟು ಜಾಗ ಯಾವ ಸಂಘಕ್ಕಿದೆ? ನೀರು ಕಡಿಮೆ ಮಾಡಿದ ಲಾಭ ನಿಜಕ್ಕೂ ಕಾಣುವುದು ಇಲ್ಲಿ.

ಲೋಳೆಯನ್ನು ಯಂತ್ರದಲ್ಲೇ ಉಜ್ಜಿ ತೆಗೆಯುವ ಇಕೋ ಪಲ್ಪರ್ ತರಿಸೋಣವೇ ಎಂಬ ಪ್ರಶ್ನೆ ಖಾಯಂ. ಕಿಲೋ ಹಣ್ಣಿಗೆ ಒಂದು ಲೀಟರಿನ ಒಳಗೆ ನೀರು ಮುಗಿಯುತ್ತದೆ, ನಿಜ. ಇಥಿಯೋಪಿಯದ ಜಿಮ್ಮಾ ಕಡೆ ಇಂಥ ಯಂತ್ರಗಳು, ಅವುಗಳ ಕೆಳಗೆ ಕೊಳೆನೀರು ಸೋಸುವ ಲಾವಂಚದ ಪಾತಿಗಳು ಬಂದಿವೆ. ಆದರೆ ಕರೆಂಟು ಹೋದಾಗ ಜನರೇಟರ್, ಆಮದಿನ ಬಿಡಿಭಾಗ, ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಮೂರೂ ಇದ್ದರೆ ಮಾತ್ರ ಕೈಹಾಕಿ. ನೆನೆಹಾಕಿದ ಕೀನ್ಯ ಕಾಫಿಯ ರುಚಿಗೆಂದೇ ಕೊಳ್ಳುವವರಿದ್ದರೆ ಅವರಿಗೆ ಮೊದಲು ಒಂದು ಸ್ಯಾಂಪಲ್ ಕುಡಿಸಿ. ಯಂತ್ರದಿಂದ ಬರುವ ಗಟ್ಟಿ ಲೋಳೆಯನ್ನು ನೀರು ಹಾಕಿ ತೆಳ್ಳಗೆ ಮಾಡಿ ಕಾಲುವೆಗೆ ಬಿಡುವವರೂ ಇದ್ದಾರೆ. ಯಂತ್ರಕ್ಕೆ ಕೊಟ್ಟ ದುಡ್ಡು ಹೊಳೆಪಾಲು. ಆ ಲೋಳೆಯನ್ನು ಸಿಪ್ಪೆಯ ಜೊತೆ ಕಲಸಬೇಕು. ಕೊಲಂಬಿಯದ ಸೆನಿಕಾಫೆ ಸಂಶೋಧನಾ ಕೇಂದ್ರದವರು ತಮ್ಮ ಬೆಕೊಲ್‌ಸಬ್ ವಿಧಾನದಲ್ಲಿ ಮಾಡಿದ್ದು ಅದನ್ನೇ. ಸಿಪ್ಪೆ ಲೋಳೆಯ ಬಹುಪಾಲನ್ನು ಹೀರಿ ಹಿಡಿದುಕೊಳ್ಳುತ್ತದೆ.

ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆ ಯುನಿಡೊ ಮತ್ತು ಪರಿಸರ ಕಾರ್ಯಕ್ರಮ ಯುನೆಪ್ 1994ರಿಂದ ದೇಶ ದೇಶಗಳಲ್ಲಿ ‘ಸ್ವಚ್ಛ ಉತ್ಪಾದನೆ’ ಕೇಂದ್ರಗಳನ್ನು ತೆರೆಯಲು ನೆರವಾದವು. ಕೀನ್ಯ, ಉಗಾಂಡ, ಟಾಂಜಾನಿಯ, ಇಥಿಯೋಪಿಯಗಳಲ್ಲೂ ಅವು ಬಂದವು. ಅಲ್ಲಿ ಹೇಳಿಕೊಡುವುದು ಕೊಳವೆಯ ತುದಿಯಲ್ಲಿ ನಿಂತು ಕೊಳೆ ತೊಳೆಯುವುದನ್ನಲ್ಲ, ಕೊಳೆ ಹುಟ್ಟುವ ಜಾಗಕ್ಕೇ ಹೋಗಿ ತಡೆಯುವುದನ್ನು. ಕಾಫಿಯಲ್ಲಿ ಆ ಜಾಗ ಪಲ್ಪರಿನ ಬಾಯಿಯಿಂದ ಎರಡಡಿ ಕೆಳಗಿದೆ.

ಸಿಪ್ಪೆ ರಾಶಿಯ ಬಗ್ಗೆ ಒಂದು ಮಾತು ಉಳಿದಿದೆ. 10 ಟನ್ ಹಣ್ಣಿಗೆ ದಿನಕ್ಕೆ 4 ಟನ್ ಹಸಿ ಸಿಪ್ಪೆ. ಒಣಹುಲ್ಲೋ ಬಾಳೆ ದಂಟಿನ ಚೂರೋ ಬೆರೆಸಿ ವಾರಕ್ಕೊಮ್ಮೆ ಮಗುಚಿದರೆ ಪೊಟ್ಯಾಷ್ ಇರುವ ಗೊಬ್ಬರ. ರೈತರು ಹಣ್ಣು ತಂದ ಗಾಡಿಯಲ್ಲೇ ಹೊತ್ತೊಯ್ಯಬಹುದು. ರಾಶಿ ಹೊಳೆಯಿಂದ ಎತ್ತರದಲ್ಲಿ, ದೂರದಲ್ಲಿರಲಿ, ಮೇಲೆ ಮಾಡು, ಸುತ್ತ ಗೇಣೆತ್ತರದ ಮಣ್ಣಿನ ಬದು. ಬದುವಿನ ಒಳಗೆ ನಿಂತ ಕಂದು ರಸವನ್ನು ಚರಂಡಿಗೆ ತಿರುಗಿಸದೆ ಬಕೆಟ್‌ನಲ್ಲಿ ಮೊಗೆದು ರಾಶಿಯ ಮೇಲೆಯೇ ಹಾಕಿ. ನಡುವೆ ಮಳೆ ಬಂದರೆ ಪ್ಲಾಸ್ಟಿಕ್ ತಾಡಪಾಲು ಹೊದಿಸಲು ಒಬ್ಬರ ಹೆಸರನ್ನು ಪಾಳಿ ಪಟ್ಟಿಯಲ್ಲಿ ಬರೆದಿಡಿ, ‘ಎಲ್ಲರೂ ನೋಡಿಕೊಳ್ಳಿ’ ಎಂದು ಬರೆಯಬೇಡಿ.